ಈಜಿಪ್ಟಿನ ಅರಸ ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 1304, 1290 ಅಥವಾ 1279? ಈಜಿಪ್ಟ್ ಮತ್ತು ನೆರೆರಾಜ್ಯಗಳ ಕಾಲಪಟ್ಟಿಗೆ ಯಾವುದು ಸರಿ?

ಕಾಲಪಟ್ಟಿ (ಪ್ರಶ್ನೆ)

ಕ್ರಿ.ಪೂ. 1500ರಿಂದ 525ರವರೆಗೆ ಈಜಿಪ್ಟನ್ನೂ ಅದರ ನೆರೆರಾಜ್ಯಗಳನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ತೋರಿಸುವ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಅಂಕಣಗಳು: ಈಜಿಪ್ಟ್, ಹತ್ತಿ (ಹಿಟ್ಟೈಟರ ರಾಜ್ಯ), ಮಿತನ್ನಿ, ಬ್ಯಾಬಿಲೋನ್, ಅಸ್ಸೀರಿಯಾ. ಹತ್ತಿ, ಮಿತನ್ನಿ ಮುಗಿದ ಮೇಲೆ ಆ ಜಾಗದಲ್ಲಿ ಕುಶ್ (ಈಜಿಪ್ಟಿನ ದಕ್ಷಿಣದ ರಾಜ್ಯ).

ಒಂದೊಂದು ಪುಸ್ತಕದಲ್ಲಿ ಒಂದೊಂದು ಇಸವಿ ಇದೆ. ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದದ್ದು ಹಳೆಯ ಪುಸ್ತಕದಲ್ಲಿ 1304, ಇನ್ನೊಂದರಲ್ಲಿ 1290, ಈಚಿನವುಗಳಲ್ಲಿ 1279. ಈಜಿಪ್ಟಿನ ಅಂಕಣಕ್ಕೆ 1304 ಹಾಕಿ, ಹತ್ತಿಯ ಅಂಕಣಕ್ಕೆ ಮೂರನೇ ಹತ್ತುಸಿಲಿಯ 1267–1237 ಹಾಕಿದರೆ ಪಟ್ಟಿ ಅಲ್ಲೇ ಮುರಿಯುತ್ತದೆ. ರಾಮ್ಸೆಸ್‌ನ 21ನೇ ವರ್ಷದ ಶಾಂತಿ ಒಪ್ಪಂದ 1284ಕ್ಕೆ ಬೀಳುತ್ತದೆ, ಅಂದರೆ ಅದಕ್ಕೆ ಒಪ್ಪಿದ ಹತ್ತುಸಿಲಿ ರಾಜನಾಗುವುದಕ್ಕೆ 17 ವರ್ಷ ಮೊದಲೇ! ರಾಮ್ಸೆಸ್ ಹಿಟ್ಟೈಟರೊಡನೆ ಮಾಡಿದ ಕದೇಶ್ ಯುದ್ಧಕ್ಕೆ ಒಂದೆಡೆ 1275, ಇನ್ನೊಂದೆಡೆ 1274. ಅಸ್ಸೀರಿಯಾದ ಒಂದನೇ ಅಶ್ಶೂರ್-ಉಬಲ್ಲಿತ್‌ಗೆ ಒಂದೆಡೆ 1363, ಇನ್ನೊಂದೆಡೆ 1353.

ತಿಳಿಯಬೇಕಾದದ್ದು ಇಷ್ಟು:
1. ಈ ಮೂರೇ ಸಂಖ್ಯೆಗಳು ಏಕೆ? 1296 ಅಥವಾ 1283 ಎಂದು ಯಾರೂ ಏಕೆ ಹೇಳುವುದಿಲ್ಲ?
2. ಯಾವುದನ್ನು ಹಿಡಿಯಬೇಕು? ಹತ್ತಿಯ ಅಂಕಣದಿಂದ ಅದನ್ನು ತಾಳೆ ನೋಡಬಹುದೇ?
3. ಕುಶ್ ಅರಸರಲ್ಲಿ ಶಬಾಕ ಮೊದಲೋ ಶೆಬಿತ್ಕು ಮೊದಲೋ? ಎರಡೂ ಕ್ರಮ ಕಾಣುತ್ತಿದೆ.

ಅಮಾವಾಸ್ಯೆಲೆಕ್ಕ

ಮೊದಲ ಪ್ರಶ್ನೆಗೆ ಉತ್ತರ ಪೂರ್ತಿ ಚಂದ್ರನದು.

ಲೈಡನ್‌ನಲ್ಲಿರುವ ಒಂದು ಪಪೈರಸ್‌ನ ಹಿಂಬದಿಯಲ್ಲಿ ಹಡಗಿನ ದಿನಚರಿ ಇದೆ. ರಾಮ್ಸೆಸ್‌ನ 52ನೇ ವರ್ಷ, ಪೆರೆತ್ ಋತುವಿನ 2ನೇ ತಿಂಗಳ 27ನೇ ದಿನ ಚಾಂದ್ರಮಾಸದ ಮೊದಲ ದಿನವಾಗಿತ್ತು ಎಂದು ಅದರಲ್ಲಿ ಬರೆದಿದೆ. ಈಜಿಪ್ಟಿನಲ್ಲಿ ಚಾಂದ್ರಮಾಸ ಶುರುವಾಗುತ್ತಿದ್ದದ್ದು ಹೊಸ ಚಂದ್ರ ಕಂಡ ಸಂಜೆಯಿಂದಲ್ಲ. ಕ್ಷೀಣಿಸಿದ ಚಂದ್ರನ ಗೆರೆ ಸೂರ್ಯೋದಯಕ್ಕೆ ಮುಂಚೆ ಮೊದಲ ಬಾರಿ ಕಾಣದೆ ಹೋದ ಬೆಳಿಗ್ಗೆಯಿಂದ. ಬ್ಯಾಬಿಲೋನಿನ ಪದ್ಧತಿಯನ್ನು ಇಲ್ಲಿಗೆ ಅನ್ವಯಿಸಿದರೆ ಲೆಕ್ಕ ಎರಡು ದಿನದಷ್ಟು ತಪ್ಪುತ್ತದೆ.

ಈಗ ಗಣಿತ. ಈಜಿಪ್ಟಿನ ಆಡಳಿತ ವರ್ಷಕ್ಕೆ 365 ದಿನ, ಅಧಿಕ ದಿನವಿಲ್ಲ. 25 ವರ್ಷ ಎಂದರೆ 9125 ದಿನ. ಸರಾಸರಿ 29.5306 ದಿನದ 309 ಚಾಂದ್ರಮಾಸಗಳು 9124.95 ದಿನ. ವ್ಯತ್ಯಾಸ ದಿನದ ಇಪ್ಪತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಒಂದು ಅಮಾವಾಸ್ಯೆ ಯಾವ ತಾರೀಖಿಗೆ ಬಿದ್ದಿತೋ, 25 ವರ್ಷ ಬಿಟ್ಟು ಅದೇ ತಾರೀಖಿಗೆ ಮತ್ತೆ ಬೀಳುತ್ತದೆ. ನಡುವೆ ಇನ್ನೊಂದು ಹತ್ತಿರದ ಹೊಂದಿಕೆಯೂ ಇದೆ: 11 ವರ್ಷಕ್ಕೆ 4015 ದಿನ, 136 ಮಾಸಕ್ಕೆ 4016.2 ದಿನ, 14 ವರ್ಷಕ್ಕೆ 5110 ದಿನ, 173 ಮಾಸಕ್ಕೆ 5108.8 ದಿನ. ಎರಡರಲ್ಲೂ ಒಂದು ದಿನದ ಆಸುಪಾಸಿನ ತಪ್ಪು.

1304ರಿಂದ 1290ಕ್ಕೆ 14, 1290ರಿಂದ 1279ಕ್ಕೆ 11, ಎರಡೂ ಕೂಡಿ 25. ನಿಮ್ಮ ಮೂರು ಸಂಖ್ಯೆಗಳು ಹುಟ್ಟಿದ್ದೇ ಹೀಗೆ. 1296ಕ್ಕೋ 1283ಕ್ಕೋ ಆ ದಿನ ಚಂದ್ರ ಆಕಾಶದಲ್ಲಿ ಸ್ಪಷ್ಟವಾಗಿ ಕಾಣುತ್ತಿರುತ್ತಾನೆ, ಹಾಗಾಗಿ ಅವು ಲೆಕ್ಕಕ್ಕೇ ಬರುವುದಿಲ್ಲ. 1304 ಮತ್ತು 1279 ಒಂದಕ್ಕೊಂದು ಸಮ. 1290 ಬೇಕೆಂದರೆ ವೀಕ್ಷಕ ಒಂದು ದಿನ ತಪ್ಪಿದ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಮೋಡ, ದೂಳಿನಿಂದ ಅಂಥ ತಪ್ಪು ಆಗುವುದುಂಟು, ಆದರೆ ಅದು ಹೆಚ್ಚುವರಿ ಊಹೆ.

ಪಟ್ಟಿ ಮಾಡುವವರು ಗಮನಿಸಲೇಬೇಕಾದ ಇನ್ನೊಂದು ಸಂಗತಿ: ರಾಮ್ಸೆಸ್‌ಗಿಂತ ಹಿಂದಿನ ಅರಸ ಮೂರನೇ ಥುಟ್ಮೋಸ್‌ಗೂ ಮೂರು ಸಂಖ್ಯೆ ಇವೆ, 1504, 1490, 1479. ಅವನು ಮಾಡಿದ ಮೆಗಿದ್ದೋ ಯುದ್ಧದ ಚಾಂದ್ರ ದಿನಾಂಕದಿಂದ ಬಂದವು. ಜೋಡಿ ಮಾಡಿ ನೋಡಿ: 1504 ಜೊತೆ 1304, 1490 ಜೊತೆ 1290, 1479 ಜೊತೆ 1279. ಪ್ರತಿ ಬಾರಿಯೂ 200 ವರ್ಷದ ಅಂತರ, ಅಂದರೆ 25ರ ಎಂಟು ಪಟ್ಟು. ಮೇಲಿನದನ್ನು ಒಂದು ಜೋಡಿಯಿಂದ, ಕೆಳಗಿನದನ್ನು ಇನ್ನೊಂದರಿಂದ ತೆಗೆದರೆ ಚಂದ್ರ ಆಕ್ಷೇಪಿಸುವುದಿಲ್ಲ. ಆದರೆ ನಡುವಿನ ರಾಜರಿಗೆ 25 ವರ್ಷ ಹೆಚ್ಚಾಗಿ ಹಂಚಬೇಕಾಗುತ್ತದೆ. ಹಿಂದೆ ಕೆಲವರು 1504ನ್ನು 1279ಕ್ಕೆ ಜೋಡಿಸಿ, ನಾಲ್ಕನೇ ಥುಟ್ಮೋಸ್‌ನ ಆಳ್ವಿಕೆಯನ್ನು ಹಿಗ್ಗಿಸಲು ನೋಡಿದ್ದಾರೆ. ಒಂದೇ ಜೋಡಿಗೆ ಅಂಟಿಕೊಳ್ಳಿ.

ಜೇಡಿಹಲಗೆ

ಎರಡನೇ ಪ್ರಶ್ನೆ ಹಿಡಿಯುತ್ತೇನೆ. ಹತ್ತಿಯ ಅಂಕಣದಿಂದ ತಾಳೆ ನೋಡಲು ಹೋಗಬೇಡಿ, ಏಕೆಂದರೆ ಆ ಅಂಕಣದ ಇಸವಿಗಳು ಈಜಿಪ್ಟಿನಿಂದಲೇ ಬಂದವು. ಹಿಟ್ಟೈಟರ ದಾಖಲೆಗಳಲ್ಲಿ ರಾಜನ ಇಂತಿಷ್ಟನೇ ವರ್ಷ ಎಂದು ತಾರೀಖು ಹಾಕುವ ಪದ್ಧತಿಯಿಲ್ಲ. ಪೂರ್ವಜ ರಾಜರಿಗೆ ಎಡೆ ಅರ್ಪಿಸುವ ಪಟ್ಟಿಗಳಲ್ಲಿ ಹೆಸರುಗಳಿವೆ, ವರ್ಷಗಳಿಲ್ಲ. ಹತ್ತುಸಿಲಿಯ 1267 ಎಂಬುದು ರಾಮ್ಸೆಸ್‌ಗೆ 1279 ಎಂದು ಹಿಡಿದು, ಒಪ್ಪಂದವನ್ನು 1259ಕ್ಕೆ ಇಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸಿದ್ದು. ನಿಮ್ಮ ಪಟ್ಟಿ ಮುರಿದದ್ದಕ್ಕೆ ಇತಿಹಾಸ ಕಾರಣವಲ್ಲ. ಒಂದೇ ಸರಪಳಿಯ ಎರಡು ತುದಿಗಳನ್ನು ಎರಡು ಪುಸ್ತಕಗಳಿಂದ ತಂದದ್ದು ಕಾರಣ.

ಹತ್ತಿಯಲ್ಲಿ ಸ್ವತಂತ್ರವಾಗಿ ನಿಲ್ಲಬಹುದಾದ ಒಂದೇ ಸೂಚನೆ ಎಂದರೆ ಎರಡನೇ ಮುರ್ಸಿಲಿಯ 10ನೇ ವರ್ಷದ ಸೂರ್ಯನ ಶಕುನ. ಅದು ಗ್ರಹಣವೇ ಆಗಿದ್ದರೆ 1312ರ ಜೂನ್ 24 ಅಥವಾ 1308ರ ಏಪ್ರಿಲ್ 13. ಆದರೆ ಮೂಲದಲ್ಲಿ ಸೂರ್ಯ ಒಂದು ಸೂಚನೆ ಕೊಟ್ಟ ಎಂಬಷ್ಟೇ ಇದೆ, ಗ್ರಹಣ ಎಂಬ ಪದವಿಲ್ಲ. ಪಟ್ಟಿಯಲ್ಲಿ ಇದನ್ನು ತೆಳು ಬಣ್ಣದಲ್ಲಿ ಹಾಕಿ.

ನಿಜವಾದ ತಾಳೆ ಬ್ಯಾಬಿಲೋನಿನಿಂದ ಬರುತ್ತದೆ. ಅಲ್ಲಿನ ಕಸ್ಸೈಟ್ ಅರಸ ಎರಡನೇ ಕದಶ್ಮನ್-ಎನ್ಲಿಲ್‌ಗೆ ಹತ್ತುಸಿಲಿ ಬರೆದ ಉದ್ದನೆಯ ಪತ್ರ ಹಿಟ್ಟೈಟರ ರಾಜಧಾನಿಯಿದ್ದ ಬೊಗಾಝ್‌ಕೊಯ್‌ನಲ್ಲಿ ಸಿಕ್ಕಿದೆ. ಅದರಲ್ಲಿ ಹತ್ತುಸಿಲಿ ಹಿಂದಿನದನ್ನು ನೆನಪಿಸುತ್ತಾನೆ: ಈಜಿಪ್ಟಿನ ರಾಜನಿಗೂ ನನಗೂ ವೈರ ಹುಟ್ಟಿದಾಗ ನಿನ್ನ ತಂದೆ ಕದಶ್ಮನ್-ತುರ್ಗುಗೆ ತಿಳಿಸಿದೆ, ದಂಡೆತ್ತಿ ಹೋಗುವುದಾದರೆ ಜೊತೆಗೆ ಬರುತ್ತೇನೆ ಎಂದು ಅವನು ಉತ್ತರಿಸಿದ. ಎಂದರೆ ಹತ್ತುಸಿಲಿ ರಾಜನಾಗಿದ್ದು, ಈಜಿಪ್ಟಿನೊಡನೆ ಇನ್ನೂ ಒಪ್ಪಂದವಾಗಿರದಿದ್ದ ಕಾಲದಲ್ಲಿ ಕದಶ್ಮನ್-ತುರ್ಗು ಬದುಕಿದ್ದ. ಅವನ 18 ವರ್ಷಗಳು ಸುಮಾರು 1281–1264, ಮಗನ 9 ವರ್ಷಗಳು ಸುಮಾರು 1263–1255.

ಮೂರು ಸಂಖ್ಯೆಗಳನ್ನೂ ಇಟ್ಟು ನೋಡಿ. 1304 ಹಿಡಿದರೆ ಒಪ್ಪಂದ 1284, ಕದಶ್ಮನ್-ತುರ್ಗು ಇನ್ನೂ ಪಟ್ಟವೇರಿಲ್ಲ. ವೈರದ ಕಾಲ ಅದಕ್ಕೂ ಹಿಂದಿನದು. 1290 ಹಿಡಿದರೆ ಒಪ್ಪಂದ 1270, ಹೊಂದುತ್ತದೆ. 1279 ಹಿಡಿದರೆ 1259, ಅದೂ ಹೊಂದುತ್ತದೆ. ಬ್ಯಾಬಿಲೋನ್ ತಳ್ಳಿಹಾಕುವುದು 1304ನ್ನು ಮಾತ್ರ. ಉಳಿದೆರಡರಲ್ಲಿ 1290 ಚಂದ್ರನ ಲೆಕ್ಕದಲ್ಲಿ ಒಂದು ದಿನ ಸೋತಿದೆ. ಅಲ್ಲದೆ ರಾಮ್ಸೆಸ್ ಸತ್ತ ಮೇಲಿನ ರಾಜರಿಗೆ 11 ವರ್ಷ ಹೆಚ್ಚು ಕೊಡಬೇಕಾಗುತ್ತದೆ, ಅದಕ್ಕೆ ಶಾಸನಗಳ ಬೆಂಬಲವಿಲ್ಲ. ಹೀಗಾಗಿ 1279–1213 ಎಂಬುದೇ ಇಂದು ಹೆಚ್ಚು ಬಳಕೆಯಲ್ಲಿದೆ, ನೀವೂ ಅದನ್ನೇ ಹಿಡಿಯಿರಿ.

ಬ್ಯಾಬಿಲೋನಿನ ಇಸವಿಗಳು ನಿಂತಿರುವುದು ಅಸ್ಸೀರಿಯಾದ ಮೇಲೆ. ಅಲ್ಲಿ ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರು, ಅವನಿಗೆ ಲಿಮ್ಮು ಎಂದು ಹೆಸರು. ಕ್ರಿ.ಪೂ. 910ರಿಂದ 649ರವರೆಗೆ ಲಿಮ್ಮು ಪಟ್ಟಿ ತುಂಡಾಗದೆ ಉಳಿದಿದೆ. ಬುರ್-ಸಗಲೆಯ ವರ್ಷದ ಸಿಮಾನು ತಿಂಗಳಲ್ಲಿ ಸೂರ್ಯಗ್ರಹಣ ಆಯಿತೆಂಬ ಟಿಪ್ಪಣಿ ಅದರಲ್ಲಿದೆ: ಕ್ರಿ.ಪೂ. 763, ಜೂನ್ 15. ಇಡೀ ಪಶ್ಚಿಮ ಏಷ್ಯಾದ ಕಾಲಗಣನೆಯನ್ನು ನೆಲಕ್ಕೆ ಕಟ್ಟಿರುವ ಗೂಟ ಇದು. 910ಕ್ಕಿಂತ ಹಿಂದೆ ಹೋಗಲು ಅಸ್ಸೀರಿಯಾದ ರಾಜಪಟ್ಟಿಯ ಆಳ್ವಿಕೆಯ ವರ್ಷಗಳನ್ನು ಕೂಡಿಸುತ್ತಾ ಹೋಗಬೇಕು.

ನಿಮ್ಮ 1363/1353 ಗೊಂದಲ ಹುಟ್ಟುವುದು ಅಲ್ಲಿ. ನಿನುರ್ತ-ಅಪಲ್-ಎಕುರ್ ಎಂಬ ರಾಜನಿಗೆ ರಾಜಪಟ್ಟಿಯ ಒಂದು ಪ್ರತಿಯಲ್ಲಿ 13 ವರ್ಷ, ಇತರ ಪ್ರತಿಗಳಲ್ಲಿ 3. ಹತ್ತನ್ನು ಸೂಚಿಸುವ ಒಂದು ಬೆಣೆಗುರುತು ಇರುವುದೋ ಇಲ್ಲದಿರುವುದೋ ಎಂಬುದರ ಮೇಲೆ, ಅವನಿಗಿಂತ ಹಿಂದಿನ ಎಲ್ಲ ಅಸ್ಸೀರಿಯಾ ಅರಸರೂ ಒಟ್ಟಾಗಿ ಹತ್ತು ವರ್ಷ ಮೇಲೆ ಅಥವಾ ಕೆಳಗೆ ಜರುಗುತ್ತಾರೆ. 13 ಹಿಡಿದವರು 1363–1328 ಬರೆಯುತ್ತಾರೆ, 3 ಹಿಡಿದವರು 1353–1318. ನಿಮ್ಮ ಪಟ್ಟಿಯ ತಲೆಭಾಗದಲ್ಲಿ ಯಾವುದನ್ನು ಹಿಡಿದಿದ್ದೀರಿ ಎಂದು ಬರೆದುಬಿಡಿ.

ಕಾಲಪಟ್ಟಿ

ಇಬ್ಬರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಕದೇಶ್ ರಾಮ್ಸೆಸ್‌ನ 5ನೇ ವರ್ಷ. 1279ರಿಂದ 4 ಕಳೆದರೆ 1275 ಆಗಬೇಕಲ್ಲ, 1274 ಹೇಗೆ? ಅಮರ್ನಾ ಪತ್ರಗಳಿಂದ (ಈಜಿಪ್ಟಿನಲ್ಲಿ ಸಿಕ್ಕ, ಫೇರೋ ಮತ್ತು ನೆರೆರಾಜರ ನಡುವಿನ ಪತ್ರಗಳು) ಯಾವ ಕೊಂಡಿಗಳನ್ನು ನಿರ್ಭಯವಾಗಿ ಪಟ್ಟಿಗೆ ಹಾಕಬಹುದು?

ಅಮಾವಾಸ್ಯೆಲೆಕ್ಕ

ಕದೇಶ್ ವಿಷಯ. ಹೊಸ ರಾಜ್ಯದ (ಥುಟ್ಮೋಸ್, ರಾಮ್ಸೆಸ್ ಮುಂತಾದವರ ಯುಗ) ಕಾಲದಲ್ಲಿ ಆಳ್ವಿಕೆಯ ವರ್ಷ ಬದಲಾಗುತ್ತಿದ್ದದ್ದು ಹೊಸವರ್ಷದ ದಿನವಲ್ಲ, ಪಟ್ಟವೇರಿದ ದಿನದ ವಾರ್ಷಿಕದಂದು. ರಾಮ್ಸೆಸ್ ಪಟ್ಟವೇರಿದ್ದು ಶೆಮು ಋತುವಿನ 3ನೇ ತಿಂಗಳ 27ರಂದು. ಕದೇಶ್ ಯುದ್ಧ 5ನೇ ವರ್ಷ, ಶೆಮು 3ನೇ ತಿಂಗಳ 9ರಂದು. ಅಂದರೆ 5ನೇ ವರ್ಷ ಮುಗಿಯಲು 18 ದಿನ ಬಾಕಿ. ಪಟ್ಟವೇರಿ ಹೆಚ್ಚುಕಡಿಮೆ ಪೂರ್ತಿ ಐದು ವರ್ಷ ಆಗಿದೆ, ಹಾಗಾಗಿ 1279ರಿಂದ 5 ಕಳೆಯಬೇಕು.

ಜೂಲಿಯನ್ ತಾರೀಖನ್ನು ಕೈಲೆಕ್ಕದಲ್ಲೇ ತೆಗೆಯಬಹುದು:

- ಕ್ರಿ.ಪೂ. 1321ರಲ್ಲಿ ಈಜಿಪ್ಟಿನ ಹೊಸವರ್ಷ (ಅಖೆತ್ 1ನೇ ತಿಂಗಳ 1) ಜುಲೈ 20ರ ಸುಮಾರಿಗೆ ಬಿದ್ದಿತ್ತು. ಪ್ರತಿ 4 ವರ್ಷಕ್ಕೆ 1 ದಿನ ಹಿಂದಕ್ಕೆ ಸರಿಯುತ್ತದೆ.
- ಬೇಕಾದ ದಿನ ವರ್ಷದ ಎಷ್ಟನೇ ದಿನ ಎಂದು ಎಣಿಸಿ. ಅಖೆತ್, ಪೆರೆತ್, ಶೆಮು ತಲಾ 4 ತಿಂಗಳು, ತಿಂಗಳಿಗೆ 30 ದಿನ, ಕೊನೆಗೆ 5 ಹೆಚ್ಚುವರಿ ದಿನ.
- ಪಟ್ಟಾಭಿಷೇಕ: 1321ರಿಂದ 1279ಕ್ಕೆ 42 ವರ್ಷ, 10–11 ದಿನದ ಸರಿತ, ಹೊಸವರ್ಷ ಜುಲೈ 9. ಶೆಮು 3ರ 27 ಎಂದರೆ 327ನೇ ದಿನ, ಮುಂದಿನ ಹೊಸವರ್ಷಕ್ಕೆ 39 ದಿನ ಮೊದಲು. ಮೇ 31.
- ಕದೇಶ್: 1274ರ ಹೊಸವರ್ಷ ಜುಲೈ 8. ಶೆಮು 3ರ 9 ಅದಕ್ಕೆ 57 ದಿನ ಮೊದಲು. ಮೇ 12.
- ಒಪ್ಪಂದ: 21ನೇ ವರ್ಷ, ಪೆರೆತ್ 1ನೇ ತಿಂಗಳ 21. 1259ರ ಹೊಸವರ್ಷ ಜುಲೈ 4. ಅಲ್ಲಿಂದ 140 ದಿನ ಮುಂದೆ. ನವೆಂಬರ್ 21.

ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಒಂದು, ಖಗೋಳ ತಂತ್ರಾಂಶದಲ್ಲಿ ಸೊನ್ನೆ ವರ್ಷ ಇರುತ್ತದೆ, ಕ್ರಿ.ಪೂ. 1279 ನೋಡಬೇಕೆಂದರೆ −1278 ಎಂದು ಕೊಡಬೇಕು. −1279 ಕೊಟ್ಟರೆ ಅಮಾವಾಸ್ಯೆ 11 ದಿನ ಆಚೀಚೆ ಆಗಿ ಇಡೀ ಲೆಕ್ಕವೇ ಹಾಳು. ಎರಡು, ಜೂಲಿಯನ್ ತಾರೀಖನ್ನು ಗ್ರೆಗೋರಿಯನ್ ಎಂದು ತಿಳಿಯುವುದು. ಆ ಶತಮಾನದಲ್ಲಿ ವ್ಯತ್ಯಾಸ 11 ದಿನ. ಮೂರು, ಎಲ್ಲ ಕಾಲಕ್ಕೂ ಒಂದೇ ಎಣಿಕೆ ಹಾಕುವುದು. 12ನೇ ಮತ್ತು 26ನೇ ರಾಜವಂಶಗಳಲ್ಲಿ ಹೊಸವರ್ಷದ ದಿನವೇ ಆಳ್ವಿಕೆಯ 2ನೇ ವರ್ಷ ಶುರು, ಮೊದಲ ವರ್ಷ ಕೆಲವೇ ವಾರದ್ದಾಗಿದ್ದರೂ ಸರಿ. ಹಳೆಯ ರಾಜ್ಯದಲ್ಲಿ ವರ್ಷಗಳನ್ನು ದನಗಣತಿಯಿಂದ ಹೆಸರಿಸುತ್ತಿದ್ದರು. ಗಣತಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆದರೆ ಪ್ರತಿ ಬಾರಿಯೂ ಹಾಗಲ್ಲ. ಬ್ಯಾಬಿಲೋನಿನಲ್ಲಿ ಪಟ್ಟವೇರಿದ ವರ್ಷ ಎಣಿಕೆಗಿಲ್ಲ, ಮುಂದಿನ ನಿಸಾನ್ ತಿಂಗಳಿನಿಂದ 1ನೇ ವರ್ಷ. ನೆಬುಕಡ್ನೆಝರ್ ಪಟ್ಟವೇರಿದ್ದು 605, ಅವನ 1ನೇ ವರ್ಷ 604. ಈಜಿಪ್ಟಿನ ಅಂಕಣಕ್ಕೂ ಬ್ಯಾಬಿಲೋನಿನ ಅಂಕಣಕ್ಕೂ ಒಂದು ವರ್ಷದ ಬಿರುಕು ಬಿದ್ದರೆ ಮೊದಲು ಇದನ್ನು ನೋಡಿ.

ಜೇಡಿಹಲಗೆ

ಅಮರ್ನಾ ಪತ್ರಗಳು 1887ರಲ್ಲಿ ಸಿಕ್ಕವು, ಒಟ್ಟು 382ರಷ್ಟು ಹಲಗೆಗಳು, ಬಹುತೇಕ ಅಕ್ಕಾಡಿಯನ್ ಭಾಷೆಯಲ್ಲಿ. ಅವುಗಳನ್ನು ಪಟ್ಟಿಗೆ ಹಾಕುವಾಗ ಒಂದು ಮಾತು ನೆನಪಿರಲಿ: ಪತ್ರಗಳಲ್ಲಿ ತಾರೀಖು ಇಲ್ಲ. ಇರುವುದು ಬರೆದವನ ಹೆಸರು, ಪಡೆದವನ ಹೆಸರು ಅಷ್ಟೆ. ಆದ್ದರಿಂದ ಅವು ಕೊಡುವುದು ಇಸವಿಯಲ್ಲ, ಇಬ್ಬರು ಒಂದೇ ಕಾಲದಲ್ಲಿ ಪಟ್ಟದಲ್ಲಿದ್ದರು ಎಂಬ ಸಾಕ್ಷ್ಯ. ಪಟ್ಟಿಯಲ್ಲಿ ಬಿಂದುವಾಗಿ ಹಾಕಬೇಡಿ. ಎರಡು ಅಂಕಣಗಳ ನಡುವೆ ಅಡ್ಡಗೆರೆಯಾಗಿ ಹಾಕಿ.

ಗಟ್ಟಿಯಾದ ಗೆರೆಗಳು: ಮಿತನ್ನಿಯ ತುಶ್ರತ್ತ, ಮೂರನೇ ಅಮೆನ್‌ಹೋಟೆಪ್ ಮತ್ತು ಅಖೆನಾಟನ್ ಇಬ್ಬರಿಗೂ ಬರೆದಿದ್ದಾನೆ. ಬ್ಯಾಬಿಲೋನಿನ ಒಂದನೇ ಕದಶ್ಮನ್-ಎನ್ಲಿಲ್ ಮೂರನೇ ಅಮೆನ್‌ಹೋಟೆಪ್‌ನ ಸಮಕಾಲೀನ, ಎರಡನೇ ಬರ್ನ-ಬುರಿಯಾಶ್ ಅಖೆನಾಟನ್‌ನ ಸಮಕಾಲೀನ. ಅಶ್ಶೂರ್-ಉಬಲ್ಲಿತ್‌ನ ಪತ್ರಗಳು 15 ಮತ್ತು 16. ಪತ್ರ 9ರಲ್ಲಿ ಬರ್ನ-ಬುರಿಯಾಶ್, ಅಸ್ಸೀರಿಯನ್ನರು ತನ್ನ ಅಧೀನರು, ತಾನು ಕಳಿಸದೆ ಅವರೇಕೆ ನಿನ್ನ ದೇಶಕ್ಕೆ ಬಂದರು ಎಂದು ಫೇರೋಗೆ ದೂರುತ್ತಾನೆ. ಬ್ಯಾಬಿಲೋನ್, ಅಸ್ಸೀರಿಯಾ, ಈಜಿಪ್ಟ್ ಮೂರೂ ಒಂದೇ ಪತ್ರದಲ್ಲಿ ಸೇರುವುದರಿಂದ ಇದರ ಬೆಲೆ ದೊಡ್ಡದು. ಆದರೆ ಪಡೆದವನ ಹೆಸರು ನಿಬ್‌ಖುರ್ರೆರೆಯ ಎಂದಿದೆ. ಅದನ್ನು ನೆಬ್‌ಖೆಪೆರುರೆ ಎಂದು ಓದಿದರೆ ಟುಟಾಂಖಮನ್, ನೆಫೆರ್‌ಖೆಪೆರುರೆ ಎಂದು ಓದಿದರೆ ಅಖೆನಾಟನ್. ಹೆಚ್ಚಿನವರು ಮೊದಲನೆಯದನ್ನು ಒಪ್ಪುತ್ತಾರೆ. ಇದೇ ಹೆಸರಿನ ಜಗಳ ಹಿಟ್ಟೈಟರ ಕಡೆಯಲ್ಲೂ ಇದೆ: ಒಂದನೇ ಸುಪ್ಪಿಲುಲಿಯುಮ ಕಾರ್ಕೆಮಿಶ್ ಮುತ್ತಿಗೆಯಲ್ಲಿದ್ದಾಗ, ತನ್ನ ಗಂಡ ನಿಪ್‌ಖುರುರಿಯ ಸತ್ತ, ನಿನ್ನ ಮಗನೊಬ್ಬನನ್ನು ಕಳಿಸು ಎಂದು ಕೇಳಿದ ಈಜಿಪ್ಟಿನ ರಾಣಿ ಯಾರು ಎಂಬ ಪ್ರಶ್ನೆ. ಯಾವ ಓದನ್ನು ಹಿಡಿಯುತ್ತೀರಿ ಎಂಬುದರ ಮೇಲೆ ಸುಪ್ಪಿಲುಲಿಯುಮ ಹತ್ತು ವರ್ಷದ ಆಸುಪಾಸು ಜರುಗುತ್ತಾನೆ.

ಕೆಲವೇ ಹಲಗೆಗಳ ಮೇಲೆ ಈಜಿಪ್ಟಿನ ಗುಮಾಸ್ತ ಶಾಯಿಯಲ್ಲಿ ಸ್ವೀಕೃತಿಯ ವರ್ಷ ಬರೆದಿದ್ದಾನೆ. ಪತ್ರ 23ರ ಮೇಲೆ 36ನೇ ವರ್ಷ, ಪೆರೆತ್ 4ನೇ ತಿಂಗಳ 1. ಮೂರನೇ ಅಮೆನ್‌ಹೋಟೆಪ್‌ನದು, ಗೊಂದಲವಿಲ್ಲ. ಪತ್ರ 27ರ ಮೇಲಿನದು ಅಂಚಿನಲ್ಲಿ ಮುರಿದಿದೆ. ಉಳಿದಿರುವುದು 2, ಮುರಿದ ಭಾಗದಲ್ಲಿ ಹತ್ತರ ಗುರುತು ಇದ್ದರೆ 12. 2 ಆದರೆ ಮೂರನೇ ಅಮೆನ್‌ಹೋಟೆಪ್ ಸತ್ತ ಸುದ್ದಿ ಅಖೆನಾಟನ್‌ನ ಆರಂಭದಲ್ಲೇ ಮಿತನ್ನಿಗೆ ಮುಟ್ಟಿದೆ, ತಂದೆಮಗ ಒಟ್ಟಾಗಿ ಬಹುಕಾಲ ಆಳಿಲ್ಲ. 12 ಆದರೆ ಹತ್ತು ವರ್ಷಕ್ಕೂ ಹೆಚ್ಚಿನ ಜಂಟಿ ಆಳ್ವಿಕೆಗೆ ದಾರಿ ತೆರೆಯುತ್ತದೆ. ಇಲ್ಲೂ ಒಂದು ಹತ್ತರ ಗುರುತು. 2 ಎಂಬ ಓದಿಗೇ ಬೆಂಬಲ ಹೆಚ್ಚು. ಜಂಟಿ ಆಳ್ವಿಕೆ ಇಲ್ಲದೆ ಪಟ್ಟಿ ಮಾಡಿದರೆ ಮಿತನ್ನಿಯ ಅಂಕಣವೂ ಸಲೀಸಾಗಿ ಕೂರುತ್ತದೆ.

ನೈಲ್‌ಮಟ್ಟ

ಮೇಲಿನಿಂದ ಕೆಳಕ್ಕೆ ಬರುವ ಬದಲು ಕೆಳಗಿನಿಂದ ಮೇಲಕ್ಕೆ ಕಟ್ಟಿ ಎಂಬುದು ನನ್ನ ಸಲಹೆ. ಈಜಿಪ್ಟಿನಲ್ಲಿ ಅಲುಗಾಡದ ಅತ್ಯಂತ ಹಳೆಯ ಇಸವಿ 664. ಸಕ್ಕಾರದ ಸೆರಾಪಿಯಂನಲ್ಲಿ ಹೂಳಿದ ಪವಿತ್ರ ಆಪಿಸ್ ಹೋರಿಯೊಂದರ ಶಿಲೆಯ ಪ್ರಕಾರ ಅದು ಹುಟ್ಟಿದ್ದು ಕುಶ್ ಅರಸ ತಹರ್ಕನ 26ನೇ ವರ್ಷ, ಸತ್ತದ್ದು ಒಂದನೇ ಪ್ಸಾಮ್ತಿಕ್‌ನ 20ನೇ ವರ್ಷ, ಬದುಕಿದ್ದು 21 ವರ್ಷ. ಹೀಗಾಗಿ ಮೆಂಫಿಸ್‌ನ ಲೆಕ್ಕದಲ್ಲಿ ತಹರ್ಕನ ಕೊನೆಯ ವರ್ಷದ ಬೆನ್ನಿಗೇ ಪ್ಸಾಮ್ತಿಕ್‌ನ ಮೊದಲ ವರ್ಷ. ನಡುವೆ ದಕ್ಷಿಣದಲ್ಲಿ ಆಳಿದ ತನುತಮನಿಗೆ ಪ್ರತ್ಯೇಕ ವರ್ಷ ಸೇರಿಸಬಾರದು. ತಹರ್ಕ 690–664, ಪ್ಸಾಮ್ತಿಕ್ 664–610. ತನುತಮನಿಯ ಹೆಸರನ್ನು ಕುಶ್ ಅಂಕಣದಲ್ಲಿ ಹಾಕಿ.

ಅಲ್ಲಿಂದ ಮೇಲೆ ನಿಮ್ಮ ಮೂರನೇ ಪ್ರಶ್ನೆ. ಹಳೆಯ ಕ್ರಮ: ಶಬಾಕ ಮೊದಲು, ಶೆಬಿತ್ಕು ನಂತರ, 702ರ ಸುಮಾರಿಗೆ. ಇದಕ್ಕೆ ಪೆಟ್ಟು ಕೊಟ್ಟದ್ದು ಇರಾನಿನ ಕುರ್ದಿಸ್ತಾನದಲ್ಲಿರುವ ತಂಗ್-ಇ-ವರ್ ಬಂಡೆಶಾಸನ, 1999ರಲ್ಲಿ ಪ್ರಕಟವಾಯಿತು. ಅಶ್ದೋದ್‌ನಿಂದ ಓಡಿಹೋಗಿದ್ದ ಯಮಾನಿಯನ್ನು ಹಿಡಿದು ಒಪ್ಪಿಸಿದ ಕುಶ್ ರಾಜ ಶಪತಾಕು ಎಂದು ಅಸ್ಸೀರಿಯಾದ ಎರಡನೇ ಸರ್ಗೋನ್ ಅಲ್ಲಿ ಹೆಸರಿಸಿದ್ದಾನೆ. ಶಾಸನ 706ರದು. ಎಂದರೆ 706ಕ್ಕೆ ಮೊದಲೇ ಶೆಬಿತ್ಕು ಪಟ್ಟದಲ್ಲಿದ್ದ. ಹಳೆಯ ಕ್ರಮ ಉಳಿಸಿಕೊಳ್ಳಲು ಕೆಲವರು ಜಂಟಿ ಆಳ್ವಿಕೆ ಕಲ್ಪಿಸಿದರು. 2013ರ ನಂತರ ಬಲ ಪಡೆದ ವಾದ ಸರಳವಾದದ್ದು: ಕ್ರಮವನ್ನೇ ತಿರುವಿಹಾಕಿ. ಶೆಬಿತ್ಕು ಸುಮಾರು 714–705, ಶಬಾಕ 705–690, ನಂತರ ತಹರ್ಕ. ಶಬಾಕನಿಗೆ ಸಿಕ್ಕಿರುವ ಗರಿಷ್ಠ ವರ್ಷ 15, ಈ ಜಾಗಕ್ಕೆ ಅಳೆದಂತೆ ಕೂರುತ್ತದೆ. ಶೆಬಿತ್ಕುಗೆ ಕಾರ್ನಾಕ್ ಕಟ್ಟೆಯ ನೈಲ್ ಮಟ್ಟದ ಬರಹದಲ್ಲಿ ಸಿಕ್ಕಿರುವುದು 3ನೇ ವರ್ಷ ಮಾತ್ರ. ತಿರುವಿದ ಕ್ರಮವನ್ನೇ ಬಳಸಿ. ಹಳೆಯ ಪುಸ್ತಕದ ಓದುಗರಿಗಾಗಿ ಪಕ್ಕದಲ್ಲೊಂದು ಟಿಪ್ಪಣಿ ಸಾಕು.

ಇನ್ನೂ ಮೇಲೆ ಒಂದನೇ ಶೆಶೋಂಕ್. ಇವನಿಗೆ 945 ಅಥವಾ 943 ಎನ್ನುವಾಗ ಎಚ್ಚರ ಬೇಕು. ಹೀಬ್ರೂ ಬೈಬಲ್‌ನಲ್ಲಿ ಯೂದಾಯದ ಅರಸ ರೆಹಬ್ಬಾಮನ 5ನೇ ವರ್ಷ ಶಿಶಕ್ (ಶೆಶೋಂಕ್ ಎಂದೇ ಎಣಿಸಲಾಗಿದೆ) ದಂಡೆತ್ತಿ ಬಂದ ಎಂದಿದೆ, ಅದನ್ನು 925ಕ್ಕೆ ಇಟ್ಟು ಎಣಿಸಿದ್ದು ಇದು. ರೆಹಬ್ಬಾಮನ ಇಸವಿ ಬಂದದ್ದು ಅಸ್ಸೀರಿಯಾದಿಂದ: 853ರಲ್ಲಿ ಅಸ್ಸೀರಿಯಾದ ವಿರುದ್ಧದ ಕರ್ಕರ್ ಯುದ್ಧದಲ್ಲಿ ಇಸ್ರೇಲಿನ ಅರಸ ಅಹಾಬ್, 841ರಲ್ಲಿ ಅಲ್ಲಿನ ಅರಸ ಯೇಹು ಕೊಟ್ಟ ಕಪ್ಪ. ದಂಡಯಾತ್ರೆ ಆಳ್ವಿಕೆಯ ಕೊನೆಯಲ್ಲಾಯಿತು ಎಂಬುದು, ಗೆಬೆಲ್ ಸಿಲ್ಸಿಲದಲ್ಲಿ ಕಲ್ಲು ತೆಗೆಸಿದ 21ನೇ ವರ್ಷದ ಶಾಸನದಿಂದ ಮಾಡಿದ ಊಹೆ. ಇಷ್ಟು ಕೊಂಡಿಗಳ ಮೇಲೆ ನಿಂತ ಇಸವಿ ಇದು. ಆದ್ದರಿಂದ ಶೆಶೋಂಕ್‌ನಿಂದ ಅಸ್ಸೀರಿಯಾವನ್ನು ದೃಢಪಡಿಸಿಕೊಂಡೆ ಎಂದುಕೊಳ್ಳಬೇಡಿ, ಅದು ಸುತ್ತಿಬಂದ ಅದೇ ಸಾಕ್ಷ್ಯ.

ಹೊರೆಮ್‌ಹೆಬ್ ವಿಷಯ ಯಾರೂ ಎತ್ತಿಲ್ಲ. ಸಕ್ಕಾರದಲ್ಲಿ ಮೆಸ್ ಎಂಬವನ ಸಮಾಧಿಯ ಜಮೀನು ವ್ಯಾಜ್ಯದ ಶಾಸನದಲ್ಲಿ ಹೊರೆಮ್‌ಹೆಬ್‌ನ 59ನೇ ವರ್ಷ ಎಂದಿದೆ. ಅವನು 59 ವರ್ಷ ಆಳಲಿಲ್ಲ. ಅಖೆನಾಟನ್‌ನಿಂದ ಅಯ್‌ವರೆಗಿನವರ ಹೆಸರು ಅಳಿಸಿ ಅವರ ವರ್ಷಗಳನ್ನೂ ಇವನ ಖಾತೆಗೆ ಹಾಕಲಾಗಿದೆ. ಅಬಿಡೋಸ್‌ನ 76 ಹೆಸರುಗಳ ರಾಜಪಟ್ಟಿಯಲ್ಲೂ ಮೂರನೇ ಅಮೆನ್‌ಹೋಟೆಪ್ ಆದ ಮೇಲೆ ನೇರ ಹೊರೆಮ್‌ಹೆಬ್. ಅಳಿಸಿದವರ ಸುಮಾರು 32 ವರ್ಷ ಕಳೆದು ಹೊರೆಮ್‌ಹೆಬ್‌ಗೆ 27 ಕೊಡುತ್ತಿದ್ದರು. ಆದರೆ ರಾಜರ ಕಣಿವೆಯ ಅವನ ಸಮಾಧಿಯಲ್ಲಿ ಸಿಕ್ಕ ದ್ರಾಕ್ಷಾರಸದ ಜಾಡಿಗಳ ಬರಹದಲ್ಲಿ 14ನೇ ವರ್ಷಕ್ಕಿಂತ ಮುಂದಿನದು ಒಂದೂ ಇಲ್ಲ. 14 ಹಿಡಿದರೆ ಟುಟಾಂಖಮನ್, ಅಖೆನಾಟನ್ ಎಲ್ಲ 13 ವರ್ಷದಷ್ಟು ಕೆಳಗಿಳಿಯುತ್ತಾರೆ. ಜೇಡಿಹಲಗೆಯವರು ಹೇಳಿದ 1353–1318ರ ಅಶ್ಶೂರ್-ಉಬಲ್ಲಿತ್ ಆಗ ಹೆಚ್ಚು ಒಪ್ಪುತ್ತಾನೆ. 27 ಹಿಡಿದವರಿಗೆ 1363 ಒಪ್ಪುತ್ತದೆ. ಈ ಎರಡು ಆಯ್ಕೆಗಳನ್ನು ಬೇರೆಬೇರೆಯಾಗಿ ಮಾಡಬೇಡಿ, ಜೊತೆಗೇ ನಿರ್ಧರಿಸಿ.

ಲುಬ್ಧಕದಾರಿ

ತಡವಾಗಿ ನೋಡಿದೆ. ಪಟ್ಟಿ 1500ಕ್ಕೆ ಶುರುವಾಗುವುದಾದರೂ ತಲೆಯ ಮೇಲೆ ಹೊಸ ರಾಜ್ಯದ ಆರಂಭ ಹಾಕುತ್ತೀರಲ್ಲ, ಅದಕ್ಕಾಗಿ ಇಷ್ಟು. ಲುಬ್ಧಕ ನಕ್ಷತ್ರ ಸುಮಾರು 70 ದಿನ ಕಾಣದೆ ಇದ್ದು ಮತ್ತೆ ಮುಂಜಾನೆ ಕಾಣಿಸಿಕೊಳ್ಳುವ ದಿನ, 365 ದಿನದ ಪಂಚಾಂಗದಲ್ಲಿ 4 ವರ್ಷಕ್ಕೊಂದು ದಿನ ಜರುಗುತ್ತದೆ. ಸೆನ್ಸೊರಿನಸ್ ಎಂಬ ರೋಮನ್ ಬರಹಗಾರನ ಮಾತಿನಿಂದ, ಕ್ರಿ.ಶ. 139ರಲ್ಲಿ ಅದು ಹೊಸವರ್ಷದ ದಿನಕ್ಕೇ ಬಿದ್ದಿತ್ತೆಂದು ಗೊತ್ತು. ಅಲ್ಲಿಂದ ಒಂದು ಸುತ್ತು ಹಿಂದೆ ಹೋದರೆ ಕ್ರಿ.ಪೂ. 1321. ಎಬರ್ಸ್ ಪಪೈರಸ್‌ನಲ್ಲಿ ಒಂದನೇ ಅಮೆನ್‌ಹೋಟೆಪ್‌ನ 9ನೇ ವರ್ಷ, ಶೆಮು 3ರ 9ರಂದು ಲುಬ್ಧಕ ಕಂಡಿತು ಎಂದಿದೆ. ಅದು 309ನೇ ದಿನ. ಮುಂದಿನ ಹೊಸವರ್ಷಕ್ಕೆ 57 ದಿನ. ನಾಲ್ಕರಿಂದ ಗುಣಿಸಿದರೆ 228. 1321ಕ್ಕೆ ಕೂಡಿದರೆ 1549. ನಕ್ಷತ್ರದ ನಿಜ ಚಲನೆಯನ್ನು ಸೇರಿಸಿದಾಗ ಇದು ಇನ್ನೂ ಕೆಳಗಿಳಿಯುತ್ತದೆ.

ತೊಡಕು ಎಲ್ಲಿಂದ ನೋಡಿದರು ಎಂಬುದು. ದಕ್ಷಿಣಕ್ಕೆ ಹೋದಷ್ಟೂ ಲುಬ್ಧಕ ಬೇಗ ಕಾಣುತ್ತದೆ, ಅಕ್ಷಾಂಶದ ಒಂದು ಡಿಗ್ರಿಗೆ ಹೆಚ್ಚುಕಡಿಮೆ ಒಂದು ದಿನ. ದಿನ ಒಂದಕ್ಕೆ 4 ವರ್ಷ. ಮೆಂಫಿಸ್‌ನಿಂದ ನೋಡಿದರು ಎಂದರೆ 1537, ಥೀಬ್ಸ್‌ನಿಂದ ಎಂದರೆ 1517. ಹೊಸ ರಾಜ್ಯದ ಆರಂಭಕ್ಕೆ ಒಂದೆಡೆ 1550, ಇನ್ನೊಂದೆಡೆ 1540ರ ಕೆಳಗೆ ಕಾಣುವುದಕ್ಕೆ ಇದೇ ದೊಡ್ಡ ಕಾರಣ.

2010ರಲ್ಲಿ ಬಂದ ರೇಡಿಯೋಕಾರ್ಬನ್ ಅಧ್ಯಯನ ಇಲ್ಲಿ ಒಂದು ಕಡೆ ತೂಕ ಹಾಕಿತು. ವಸ್ತುಸಂಗ್ರಹಾಲಯಗಳಲ್ಲಿದ್ದ ಬೀಜ, ಬುಟ್ಟಿ, ನಾರು, ಹಣ್ಣಿನಂಥ ಅಲ್ಪಾಯುಷ್ಯದ ಸಸ್ಯಗಳ 211 ಮಾದರಿಗಳು. ಮರದ ತೊಲೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ತೊಲೆಯ ಒಳಉಂಗುರ ಕಟ್ಟಡಕ್ಕಿಂತ ನೂರಾರು ವರ್ಷ ಹಳೆಯದಿರಬಹುದು. ಹೊಸ ರಾಜ್ಯದ ಆರಂಭ 1570 ಮತ್ತು 1544ರ ನಡುವೆ ಎಂದು ಬಂತು. 1550 ಒಳಗೆ ಬೀಳುತ್ತದೆ, ತೀರಾ ಕೆಳಗಿನ ಲೆಕ್ಕಗಳು ಹೊರಗುಳಿಯುತ್ತವೆ. ಆದರೆ ಆ ಮಾದರಿಗೆ ರಾಜರ ಕ್ರಮ ಮತ್ತು ಆಳ್ವಿಕೆಯ ಅವಧಿಗಳನ್ನೂ ಮೊದಲೇ ಉಣಿಸಿದ್ದರು, ಹಾಗಾಗಿ ಪೂರ್ತಿ ಸ್ವತಂತ್ರ ಸಾಕ್ಷಿ ಎಂದು ಬರೆಯಬೇಡಿ. ನೈಲ್ ಬಯಲಿನ ಬೆಳೆಯ ಕಾಲ ಬೇರೆಯಾದ್ದರಿಂದ 19 ವರ್ಷದ ತಿದ್ದುಪಡಿಯನ್ನೂ ಸೇರಿಸಿದ್ದರು. ಅದನ್ನು ಬಿಟ್ಟು ಬರಿಯ ಪ್ರಯೋಗಾಲಯದ ಸಂಖ್ಯೆಯನ್ನು ಹಾಕಿದರೆ ಎಲ್ಲವೂ ಹಳೆಯದಾಗಿ ಕಾಣುತ್ತದೆ.

ಪಟ್ಟಿಯ ಪ್ರತಿ ಸಾಲಿನಲ್ಲೂ ಮೊದಲು ಆಳ್ವಿಕೆಯ ವರ್ಷ, ಋತು, ದಿನ ಬರೆಯಿರಿ, ಇಸವಿಯನ್ನು ಪಕ್ಕದ ಬೇರೆ ಮನೆಯಲ್ಲಿಡಿ. «21ನೇ ವರ್ಷ, ಪೆರೆತ್ 1ರ 21» ಕಾರ್ನಾಕ್ ಗೋಡೆಯಲ್ಲಿ ಕೆತ್ತಿದ್ದು, ಬದಲಾಗುವುದಿಲ್ಲ. 1259 ನಾಳೆ ಜರುಗಿದರೆ ಆ ಒಂದು ಮನೆಯನ್ನು ತಿದ್ದಿದರೆ ಸಾಕು.

ಕಾಲಪಟ್ಟಿ

1479/1279 ಜೋಡಿ, ಹೊರೆಮ್‌ಹೆಬ್‌ಗೆ 14, ಅಶ್ಶೂರ್-ಉಬಲ್ಲಿತ್‌ಗೆ 1353, ಶೆಬಿತ್ಕು ಮೊದಲು ಶಬಾಕ ನಂತರ, ಕೆಳಗೆ 664ರ ಗೂಟ. ಆಳ್ವಿಕೆಯ ವರ್ಷಕ್ಕೆ ಬೇರೆ ಮನೆ ಮಾಡಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಹತ್ತಿಯ ಇಸವಿಗಳನ್ನೆಲ್ಲ ಅಳಿಸಿ, ಈಜಿಪ್ಟಿನಿಂದ ಎಳೆದ ಅಡ್ಡಗೆರೆಗಳನ್ನು ಮಾತ್ರ ಉಳಿಸಿದ್ದೇನೆ.